ಏರಿಯ ಕೆಳಗಿನವರು

ಬಂಗಾರಪೇಟೆಯಿಂದ ಹೊರಟ ರೈಲು ಚಿನ್ನದ ಗಣಿಗಳ ಊರನ್ನು ಹಾದು ಮಾರಿಕುಪ್ಪಂ ನಿಲ್ದಾಣದಲ್ಲಿ ತನ್ನ ಪಯಣವನ್ನು ಮುಗಿಸುತ್ತದೆ. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಆಳದಿಂದ ತೆಗೆದು ಅರೆದ ಕಲ್ಲಿನ ಹುಡಿಯ ದಿಬ್ಬಗಳು ಹಿಂದಿನ ವೈಭವವನ್ನು ಇಂದಿಗೂ ನೆನಪಿಸುತ್ತವೆ. ಚಿನ್ನ ತೆಗೆಯುವುದಕ್ಕೂ ಗಣಿಯ ಜನ ಬದುಕುವುದಕ್ಕೂ ನೀರು ಬೇಕಷ್ಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನೀರು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಕೊಳವೆಗಳಲ್ಲಿ ಹರಿದುಬಂದಿತು.

ಬೇತಮಂಗಲದ ಕೆರೆ ಬಹು ಪುರಾತನವಾದುದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಹತ್ತನೆಯ ಶತಮಾನದಲ್ಲಿ ನೊಳಂಬರ ಆಳ್ವಿಕೆಯಲ್ಲಿಯೂ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಆಳ್ವಿಕೆಯಲ್ಲಿಯೂ ಈ ಕೆರೆ ಜೀರ್ಣೋದ್ಧಾರಗೊಂಡಿತೆಂದು ಶಾಸನಗಳಿಂದ ತಿಳಿದುಬರುತ್ತದೆ. 1903ರ ನವೆಂಬರ್ ತಿಂಗಳ ಮಹಾಮಳೆಯಲ್ಲಿ ಪಾಲಾರ್ ಪಾತ್ರದ ಕೆರೆಗಳು ಒಡೆದವು. ಬೇತಮಂಗಲದ ಕೆರೆಯೂ ಅವುಗಳಲ್ಲಿ ಒಂದು. ಆ ಪ್ರವಾಹವು ಕೆಳಗಣ ತಮಿಳು ನಾಡಿನ ವಾಣಿಯಂಬಾಡಿಗೆ ನುಗ್ಗಿ ಅನೇಕರ ಪ್ರಾಣವನ್ನು ಕೊಂಡೊಯ್ದಿತು. ಆ ಜನರು ಬೇತಮಂಗಲದ ನೀರನ್ನು ಬಳಸಿದವರಲ್ಲ. ಬಹುಮಂದಿ ಅದರ ಏರಿಯನ್ನು ಕಣ್ಣಿನಿಂದ ಕಂಡವರೂ ಅಲ್ಲ. ಕೆರೆಯ ಸುಖ ಒಬ್ಬರದು, ಅದು ಒಡೆದಾಗ ಕಷ್ಟ ಮತ್ತೊಬ್ಬರದು. ನೀರನ್ನು ಕಟ್ಟಿ ನಿಲ್ಲಿಸುವವರೆಲ್ಲರೂ ಮೊದಲು ಅರಿಯಬೇಕಾದ ಮಾತು ಇದು.

ಕೆರೆಗೆ ಮುಖ್ಯವಾದ ಅಂಗಗಳು ಮೂರು: ಏರಿ, ತೂಬು, ಕೋಡಿ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ಬೇಕಾದಷ್ಟು ನೀರನ್ನು ಹೊರಗೆ ಬಿಡುತ್ತದೆ. ಕೋಡಿ ಹೆಚ್ಚಾದ ನೀರಿಗೆ ದಾರಿ ಮಾಡಿಕೊಡುತ್ತದೆ. ಕೋಡಿ ಕಟ್ಟಿಹೋದರೆ ನೀರು ಏರಿಯನ್ನೇ ಹತ್ತಿ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಾಳಲಾರದೆ ಕೊಚ್ಚಿಹೋಗುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಕೆರೆಯನ್ನು ಕಟ್ಟಿ ಸುಮ್ಮನಾಗಲಿಲ್ಲ. ಅದನ್ನು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸಿದರು.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಮ್ಮೆ ವಿದ್ಯಾರ್ಥಿಗಳೊಡನೆ ಒಂದು ಹಳ್ಳಿಯ ಕೆರೆಯ ಏರಿಯ ಮೇಲೆ ನಡೆದುಹೋಗುತ್ತಿದ್ದೆ. ವಯಸ್ಸಾದ ನೀರುಗಂಟಿಯೊಬ್ಬರು ಏರಿಯ ಬುಡದಲ್ಲಿ ಕುಳಿತು, ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದರು. “ಏನು ನೋಡುತ್ತಿದ್ದೀರಿ, ತಾತ?” ಎಂದು ಹುಡುಗನೊಬ್ಬ ಕೇಳಿದನು. “ಬಣ್ಣ ನೋಡ್ತಾ ಇದೀನಿ, ಮಗಾ. ತಿಳಿನೀರು ಬಂದರೆ ದಿನಾ ಬಂದು ನೋಡಬೇಕು. ಕೆಂಪುನೀರು ಬಂದರೆ ಊರಿಗೆ ಓಡಬೇಕು” ಎಂದರು ಅವರು. ಕೆಂಪುನೀರೆಂದರೆ ಏರಿಯ ಒಳಗಿನ ಮಣ್ಣು ಕರಗಿ ಹೊರಬರುತ್ತಿದೆ ಎಂದರ್ಥ. ಎಂಜಿನಿಯರುಗಳು ಪುಸ್ತಕದಲ್ಲಿ ಕಲಿಯುವ ಪಾಠವನ್ನು ಆ ವೃದ್ಧರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಇಂದು ತೋಟದ ಮನೆಗಳಲ್ಲಿಯೂ ವಿಹಾರಧಾಮಗಳಲ್ಲಿಯೂ ಹಳ್ಳಕ್ಕೆ ಒಡ್ಡು ಹಾಕಿ ಕೊಳ ನಿರ್ಮಿಸುವುದುಂಟು. ದೋಣಿ ನಡೆಸುವುದಕ್ಕೆ, ಮೀನು ಹಿಡಿಯುವುದಕ್ಕೆ, ಕಣ್ಣಿಗೆ ತಂಪಾಗುವುದಕ್ಕೆ ಅದು ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ನೀರುಗಂಟಿ ಯಾರು? ಈ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ಘಟನೆ ಸಾಕ್ಷಿಯಾಗಿದೆ.

ಪೆನ್ಸಿಲ್ವೇನಿಯ ಪ್ರಾಂತ್ಯದ ಜಾನ್ಸ್‌ಟೌನ್ ಪಟ್ಟಣದ ಮೇಲ್ಗಡೆ, ಸುಮಾರು 14 ಮೈಲಿ ದೂರದಲ್ಲಿ, ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಇದ್ದಿತು. ಅದನ್ನು ಮೊದಲು ಸರ್ಕಾರವು ಕಾಲುವೆಗಾಗಿ ಕಟ್ಟಿಸಿತ್ತು. ಮುಂದೆ ಅದು ಶ್ರೀಮಂತರ ವಿಹಾರ ಸಂಘವೊಂದರ ಸ್ವತ್ತಾಯಿತು. ಅಷ್ಟು ಹೊತ್ತಿಗೆ ಅದರ ತಳದಲ್ಲಿದ್ದ, ನೀರು ಬಿಡುವ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕನು ಕಿತ್ತು ಮಾರಿದ್ದನು. ಸಂಘದವರು ಅವುಗಳನ್ನು ಮತ್ತೆ ಹಾಕಿಸಲಿಲ್ಲ. ಗಾಡಿಗಳು ಸರಾಗವಾಗಿ ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದರು. ಮೀನುಗಳು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದರು. ತೂಬು, ಏರಿ, ಕೋಡಿ—ಮೂರು ಅಂಗಗಳೂ ಹೀಗೆ ಕುಂದಿದವು. 1889ರ ಮೇ 31ರಂದು ಬಿರುಸಾದ ಮಳೆ ಸುರಿಯಿತು. ಜಾಲರಿಗೆ ಕಸಕಡ್ಡಿ ತುಂಬಿತು. ಎಚ್ಚರಿಕೆಯ ತಂತಿ ಹೋಯಿತಾದರೂ, ಹಿಂದೆ ಅನೇಕ ಸಲ ಇಂತಹ ಸುದ್ದಿ ಹುಸಿಯಾಗಿದ್ದುದರಿಂದ ಹೆಚ್ಚು ಜನ ಅದನ್ನು ಲಕ್ಷಿಸಲಿಲ್ಲ. ಅಣೆಕಟ್ಟು ಒಡೆಯಿತು, 2,209 ಜನರು ಮಡಿದರು. ಕೆಲವು ಮೀನುಗಳನ್ನು ಉಳಿಸಿಕೊಳ್ಳಲು ಹಾಕಿದ ಜಾಲರಿಯೂ ಈ ಸಾವುಗಳಿಗೆ ಒಂದು ಕಾರಣವಾಯಿತು.

ನಮ್ಮ ದೇಶದಲ್ಲಿ 2021ರಲ್ಲಿ ಅಣೆಕಟ್ಟುಗಳ ಸುರಕ್ಷತೆಗಾಗಿ ಒಂದು ಕಾಯಿದೆ ಬಂದಿತು. 15 ಮೀಟರಿಗಿಂತ ಎತ್ತರವಾದ ಅಣೆಕಟ್ಟುಗಳಿಗೂ, 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಕೆಲವಕ್ಕೂ ಅದು ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಒಡ್ಡುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಕಾಯಿದೆ ತಲುಪದ ಕಡೆಯಲ್ಲಿ ಕರ್ತವ್ಯವೂ ಇಲ್ಲವೆಂದು ತಿಳಿಯಬಾರದು. ಒಡ್ಡಿನ ಒಡೆಯನು ಮಳೆಗಾಲಕ್ಕೆ ಮುನ್ನ ಕೋಡಿಯ ಕಸವನ್ನು ತೆಗೆಸಬೇಕು. ತೂಬು ತೆರೆಯುವುದೋ ಇಲ್ಲವೋ ಪರೀಕ್ಷಿಸಬೇಕು. ಏರಿಯ ಮೇಲೆ ಮರ ಬೆಳೆಯದಂತೆ, ಹೆಗ್ಗಣ ಬಿಲ ತೋಡದಂತೆ ಕಾಯಬೇಕು. ಹೆಚ್ಚು ನೀರು ನಿಲ್ಲಲೆಂಬ ಆಸೆಯಿಂದ ಕೋಡಿಯನ್ನು ಎತ್ತರಿಸಲಾಗದು. ಅಪಾಯ ಬಂದಾಗ ಕೆಳಗಿನ ಯಾವ ಮನೆಗಳಿಗೆ ಮೊದಲು ಸುದ್ದಿ ಮುಟ್ಟಿಸಬೇಕೆಂಬುದನ್ನು ಮೊದಲೇ ತಿಳಿದಿರಬೇಕು.

ಕೋಲಾರದ ಸೀಮೆಯಲ್ಲಿ ಬರಗಾಲವೇ ಹೆಚ್ಚು. ವರ್ಷಗಟ್ಟಲೆ ಒಣಗಿದ ಕೆರೆಯನ್ನು ಕಂಡವರಿಗೆ ಪ್ರವಾಹದ ನೆನಪು ಮಾಸುತ್ತದೆ. ಆದರೆ 2021ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು. ಕೆರೆ ಒಣಗಿರುವಾಗಲೇ ಏರಿಯನ್ನು ನೋಡಿಕೊಳ್ಳಬೇಕು. ನೀರು ಯಾರ ಸ್ವತ್ತೇ ಆಗಿರಲಿ, ಏರಿಯ ಕೆಳಗಿನವರ ಪ್ರಾಣ ಯಾರ ಸ್ವತ್ತೂ ಅಲ್ಲ.

ಅಭ್ಯಾಸ
1. ಕೆರೆಯ ಮೂರು ಅಂಗಗಳು ಯಾವುವು? ಅವುಗಳ ಕಾರ್ಯವೇನು?
2. ನೀರುಗಂಟಿಯು ನೀರಿನ ಬಣ್ಣವನ್ನು ನೋಡುತ್ತಿದ್ದುದೇಕೆ?
3. ಸೌತ್ ಫೋರ್ಕ್ ಅಣೆಕಟ್ಟು ಒಡೆಯಲು ಕಾರಣಗಳನ್ನು ವಿವರಿಸಿ.
4. ನಿಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳ ಸ್ಥಿತಿಯನ್ನು ಹಿರಿಯರೊಡನೆ ಹೋಗಿ ನೋಡಿ, ಒಂದು ಪುಟದಲ್ಲಿ ಬರೆಯಿರಿ.