ಕಣ್ಣಿನ ಕೆಳಗೆ ಊತ, ರೋಗ ಹಲ್ಲಿನಲ್ಲಿ: ತೋಟದ ನಾಯಿಯ ಬಾಯಿ ಯಾವತ್ತಾದ್ರೂ ನೋಡಿದ್ದೀರಾ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಮೊದಲು ಮಾಡೋದೇ ಬಾಯಿ ಬಿಡಿಸಿ ಹಲ್ಲು ನೋಡೋದು. ಹಸುವಿಗೆ ಕಾಲುಬಾಯಿ ಲಸಿಕೆ ಯಾವಾಗ ಅಂತ ಮನೆಯ ಚಿಕ್ಕ ಹುಡುಗನೂ ಹೇಳ್ತಾನೆ. ಆದ್ರೆ ರಾತ್ರಿಯಿಡೀ ತೋಟ ಕಾಯುವ ನಾಯಿಯ ಬಾಯೊಳಗೆ ಏನಿದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ನಾನಂತೂ ಆರು ವರ್ಷ ನೋಡಿರಲಿಲ್ಲ. ಅದರ ಫಲ ಉಂಡಿದ್ದು ನಮ್ಮ ಕರಿಯ.

ಕರಿಯ ನಮ್ಮ ತೆಂಗಿನ ತೋಟದ ನಾಟಿ ನಾಯಿ. ಹೋದ ಬೇಸಿಗೆಯಲ್ಲಿ ಅವನ ಬಲಗಣ್ಣಿನ ಕೆಳಗೆ ನಿಂಬೆಹಣ್ಣಿನ ಗಾತ್ರದ ಊತ ಬಂತು. ಚೇಳೋ ಕಣಜವೋ ಕಚ್ಚಿರಬೇಕು ಅಂದ್ಕೊಂಡು ಅರಿಶಿನ ಹಚ್ಚಿದ್ವಿ. ನಾಲ್ಕು ದಿನಕ್ಕೆ ಒಡೆದು ಕೀವು ಸೋರಿ ಇಳೀತು. ವಾಸಿ ಆಯ್ತು ಅಂತ ಸುಮ್ಮನಾದ್ವಿ. ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಊತ. ಮುದ್ದೆ ಹಾಕಿದ್ರೆ ನುಂಗ್ತಿದ್ದ, ಮೂಳೆ ಹಾಕಿದ್ರೆ ಮಾತ್ರ ಮೂಸಿ ನೋಡಿ ಬಿಟ್ಟುಬಿಡ್ತಿದ್ದ. ಮುದ್ದೆ ಅಗಿಯೋ ಕೆಲಸ ಇಲ್ಲವಲ್ಲ, ಹಾಗಾಗಿ ನೋವು ನಮಗೆ ಗೊತ್ತೇ ಆಗಲಿಲ್ಲ.

ಪಶು ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು, “ಹುಚ್ಚುನಾಯಿ ಲಸಿಕೆ ಹಾಕ್ಸಿದ್ದೀಯೇನಪ್ಪ?” ಹಾಕಿಸಿ ಎರಡು ವರ್ಷ ಆಗಿತ್ತು. ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ ಗ್ಲೌಸ್ ಹಾಕ್ಕೊಂಡು ತುಟಿ ಎತ್ತಿದ್ರು. ಮೇಲ್ದವಡೆಯ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು.

ಮಾಂಸ ಕತ್ತರಿಸೋಕೆ ನಾಯಿ ಬಳಸೋದು ಆ ಹಲ್ಲನ್ನೇ. ಅದಕ್ಕೆ ಮೂರು ಬೇರು, ಅವು ಇರೋದು ಹೆಚ್ಚುಕಮ್ಮಿ ಕಣ್ಣಿನ ನೇರಕ್ಕೆ. ಹಲ್ಲು ಸೀಳಿದ್ರೆ ಸೋಂಕು ಬೇರಿನ ತುದಿ ಮುಟ್ಟಿ, ಅಲ್ಲಿ ಕೀವು ಕಟ್ಟಿ, ಕಣ್ಣಿನ ಕೆಳಗೆ ಊದಿಕೊಳ್ಳುತ್ತೆ. ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಇಳಿಯುತ್ತೆ, ಹಲ್ಲಿಗೆ ಚಿಕಿತ್ಸೆ ಆಗೋ ತನಕ ಮತ್ತೆ ಮತ್ತೆ ಬರ್ತಾನೇ ಇರುತ್ತೆ. ನಮ್ಮಲ್ಲಿ ಹಲ್ಲು ಸೀಳಿದ್ದಕ್ಕೆ ಕಾರಣ ಬಹುಶಃ ಕರಟ. ಕೊಬ್ಬರಿ ಸುಲಿದ ಜಾಗದಲ್ಲಿ ಕೂತು ಕಟಕಟ ಕಡಿಯೋದು ಅವನ ದಿನದ ಆಟ, ನಾವೂ ನೋಡಿ ನಗ್ತಿದ್ವಿ. ದಪ್ಪ ಮೂಳೆ, ಕಲ್ಲು ಕೂಡ ಇದೇ ಕೆಲಸ ಮಾಡ್ತವೆ. ಡಾಕ್ಟರು ಹೇಳಿಕೊಟ್ಟ ಅಳತೆ ಇಷ್ಟೇ: ಉಗುರಿನಿಂದ ಒತ್ತಿದಾಗ ಸ್ವಲ್ಪವೂ ತಗ್ಗದ ವಸ್ತು ನಾಯಿ ಹಲ್ಲಿಗೆ ಗಟ್ಟಿ ಜಾಸ್ತಿ.

ರಕ್ತ ಪರೀಕ್ಷೆ ಮಾಡಿ, ಅರಿವಳಿಕೆ ಕೊಟ್ಟು ಹಲ್ಲು ತೆಗೆದ್ರು. ಮೊದಲ ಊತಕ್ಕೇ ಹೋಗಿದ್ರೆ ಅವನಿಗೆ ಒಂದು ತಿಂಗಳ ನೋವು ತಪ್ಪುತ್ತಿತ್ತು.

ಈಗ ತಿಂಗಳಿಗೊಮ್ಮೆ ಅವನ ಬಾಯಿ ನೋಡ್ತೀನಿ. ಬಾಯಿ ಅಗಲಿಸಬೇಕಿಲ್ಲ, ಪಕ್ಕದ ತುಟಿ ಎತ್ತಿದ್ರೆ ಸಾಕು. ಒಬ್ಬರು ಹಿಡ್ಕೊಂಡ್ರೆ ಇನ್ನೊಬ್ಬರು ಫೋನಿನಲ್ಲಿ ಎರಡೂ ಕಡೆ ಫೋಟೋ ತೆಗೀಬಹುದು. ಹೋದ ತಿಂಗಳ ಫೋಟೋ ಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ತಾನೇ ಗೊತ್ತಾಗುತ್ತೆ. ಬೆಳೆದ ನಾಯಿಗೆ 42 ಹಲ್ಲು. ಬುಡದಲ್ಲಿ ಹಳದಿ ಇಲ್ಲಾ ಕಂದು ಕಿಟ್ಟ, ಕೆಂಪಾದ ವಸಡು, ಕೊಳೆತ ವಾಸನೆ ಇದ್ರೆ ತೋರಿಸಿ. “ನಾಯಿ ಬಾಯಿ ಅಂದ್ಮೇಲೆ ನಾರದೇ ಇರುತ್ತಾ” ಅಂತಾರೆ ನಮ್ಮಜ್ಜಿ. ಆ ನಾತ ವಸಡಿನ ರೋಗದ್ದೇ ಆಗಿರೋದು ಹೆಚ್ಚು.

ವಸಡನ್ನ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಯಾವಾಗಲೂ ಬಿಳಿಚಿಕೊಂಡಿದ್ರೆ ರಕ್ತ ಕಡಿಮೆ ಇದೆ ಅಂತ. ಉಣ್ಣೆಯಿಂದ ಬರೋ ಜ್ವರ, ಜಂತುಹುಳು ಎರಡೂ ಹೀಗೆ ಮಾಡ್ತವೆ. (ವಸಡೇ ಕಪ್ಪಗಿರೋ ನಾಯಿಗಳಿವೆ, ಅವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಡೆ ನೋಡಿ.)

ಒಂದು ಮಾತು ಮಾತ್ರ ಮರೀಬೇಡಿ. ನಾಯಿ ಬಾಯಿ ಮುಚ್ಚೋಕೆ ಆಗದೆ ಜೊಲ್ಲು ಸುರಿಸ್ತಿದ್ರೆ, ದವಡೆ ಜೋತುಬಿದ್ದಿದ್ರೆ, ದನಿ ಬದಲಾಗಿದ್ರೆ, “ಮೂಳೆ ಸಿಕ್ಕಿದೆ” ಅಂತ ಕೈ ಹಾಕಬೇಡಿ. ಹುಚ್ಚುನಾಯಿ ರೋಗ ಯಾವಾಗಲೂ ಬೊಗಳಿ ಕಚ್ಚೋ ರೂಪದಲ್ಲೇ ಬರಲ್ಲ, ಹೀಗೆ ಸುಮ್ಮನೆ ಮಂಕಾಗಿಯೂ ಬರುತ್ತೆ. ಅದರ ಜೊಲ್ಲು ನಿಮ್ಮ ಕೈಯಲ್ಲಿರೋ ಚಿಕ್ಕ ಗಾಯಕ್ಕೆ ತಗುಲಿದ್ರೂ ಅಪಾಯ. ನಾಯಿಯನ್ನ ದೂರ ಇಟ್ಟು ಡಾಕ್ಟರಿಗೆ ಫೋನ್ ಮಾಡಿ. ಜೊಲ್ಲು ಆಗಲೇ ತಗುಲಿದ್ರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಶುರುವಾದ ಮೇಲೆ ಮನುಷ್ಯರು ಬದುಕೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಹಾಗಾಗಿ ವರ್ಷಕ್ಕೊಂದು ಸಲ ನಾಯಿಯನ್ನ ತೋರಿಸೋ ದಿನವನ್ನ ಫೋನಿನಲ್ಲಿ ಅಲಾರಂ ಇಡಿ. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ದಿನ ಇನ್ನೊಂದು, ಮುಂದೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕ್ತಾರೆ. ಅದೇ ದಿನ ತೂಕ, ಹಲ್ಲು, ಕಿವಿ, ಜಂತುಹುಳು ಔಷಧಿ ಎಲ್ಲಾ ಮುಗಿಸಿಬಿಡಬಹುದು. ಆಸ್ಪತ್ರೆ ದೂರ ಇದ್ರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ನಾಯಿಗೂ ಬರುತ್ತಾ ಅಂತ ಕೇಳಿ.

ಹಲ್ಲುಜ್ಜೋದು ಪಟ್ಟಣದವರ ಶೋಕಿ ಅಂತ ನಾನೂ ನಗ್ತಿದ್ದೆ. ಆದ್ರೆ ಹಲ್ಲಿನ ಮೇಲಿನ ಲೋಳೆ ಕೆಲವೇ ದಿನದಲ್ಲಿ ಗಟ್ಟಿ ಕಿಟ್ಟ ಆಗುತ್ತೆ, ಆಮೇಲೆ ಬ್ರಷ್‌ಗೆ ಜಗ್ಗಲ್ಲ. ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಹೊರಮೈ ಉಜ್ಜಿದ್ರೂ ಆಯ್ತು, ಮರಿಯಿಂದ ಅಭ್ಯಾಸ ಮಾಡಿಸಿ. ನಮ್ಮ ಪೇಸ್ಟ್ ಬೇಡ, ನಾಯಿ ಉಗುಳಲ್ಲ, ನುಂಗುತ್ತೆ. ಕೆಲವು ಪೇಸ್ಟಲ್ಲಿರೋ ಕ್ಸೈಲಿಟಾಲ್ ಅನ್ನೋ ಸಿಹಿ ನಾಯಿಗೆ ವಿಷ. ಹಲ್ಲುನೋವು ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನೂ ಕೊಡಬೇಡಿ, ಪ್ರಾಣಕ್ಕೇ ಬರಬಹುದು.

ಕರಿಯನ ಬಲಗಡೆ ಆ ಹಲ್ಲಿನ ಜಾಗ ಈಗ ಖಾಲಿ. ಹೊಲಿಗೆ ಮಾಯೋ ತನಕ ಮೆತ್ತಗಿನ ಅನ್ನ ಮೊಸರು ತಿಂದು ಸ್ವಲ್ಪ ದಪ್ಪಗಾದ. ಕರಟದ ರಾಶಿ ಮಾತ್ರ ಶೆಡ್ಡಿನೊಳಗೆ ಹಾಕಿ ಬಾಗಿಲು ಎಳೀತೀವಿ, ಅವನು ದಿನಾ ಬಾಗಿಲ ಮುಂದೆ ಕೂತು ನೋಡ್ತಾನೆ.