ಎಳೆಯ ಹೆಗಲಿನ ಭಾರ

ಎಳೆಗರುವಿನ ಮೇಲೆ ಯಾವ ಒಕ್ಕಲಿಗನೂ ನೊಗವನ್ನಿಡುವದಿಲ್ಲ. ಇಟ್ಟರೆ ಅದರ ಹೆಗಲು ಹುಣ್ಣಾಗುವದಲ್ಲದೆ, ಮುಂದೆ ಅದು ಒಳ್ಳೆಯ ಎತ್ತಾಗಲಾರದೆಂದು ಅವನು ಬಲ್ಲನು. ಕರುವಿನ ವಿಷಯದಲ್ಲಿ ನಮಗಿರುವ ಈ ತಿಳುವಳಿಕೆಯು ಮಕ್ಕಳ ವಿಷಯದಲ್ಲಿಯೂ ಇದೆಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರವು ದುಡಿಯುವವರ ಊರು. ಅಲ್ಲಿ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಕೂದಲನ್ನು ಕೊಂಡು ತಂದು, ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಮಾರುವ ಕಸಬೂ ಅಲ್ಲಿ ನಡೆಯುತ್ತದೆ. ಕಂಡಿಕೆ ಸುತ್ತುವದು, ಸಿಕ್ಕು ಬಿಡಿಸುವದು ಮೊದಲಾದವು ಮನೆಯಲ್ಲಿ ಕೂತು ಮಾಡಬಹುದಾದ ಕೆಲಸಗಳು. ಮಾಡಿದಷ್ಟಕ್ಕೇ ಕೂಲಿ ದೊರೆಯುವಲ್ಲಿ, ಎರಡು ಕೈಗಳಿಗಿಂತ ನಾಲ್ಕು ಕೈಗಳು ಲೇಸೆಂದು ಬಡ ತಾಯಿಗೆ ತೋರುವದು ಸಹಜವೇ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯವರಾದರೋ ಮಳೆ ತಪ್ಪಿದ ವರುಷ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಆಗ ಮುದುಕಿಯಾದ ಅಜ್ಜಿಯ ಬಳಿ ಉಳಿದ ಹಿರಿಯ ಮಗಳೇ ಮನೆಯ ಯಜಮಾನಿಯಾಗುತ್ತಾಳೆ. ಇದು ಪ್ರೀತಿಯಿಲ್ಲದ್ದರಿಂದ ಆಗುವದಲ್ಲ, ಬಡತನದಿಂದ ಆಗುವದು.

ಹಾಗಾದರೆ ಮಕ್ಕಳು ಮನೆಗೆಲಸ ಮಾಡಬಾರದೋ? ಮಾಡಬೇಕು. ಹನ್ನೊಂದು ವರುಷದ ಹುಡುಗಿಯು ಶಾಲೆಯಿಂದ ಬಂದು ಒಂದು ಕೊಡ ನೀರು ತಂದರೆ, ಅಂಗಳ ಗುಡಿಸಿದರೆ ಅದು ಸಹಾಯ. ಆದರೆ ಹಿಟ್ಟು ನಾಳೆಗೆ ಸಾಲುವದೋ, ಅಂಗಡಿಯ ಉದ್ರಿ ತೀರುವದು ಹೇಗೆ, ತಮ್ಮನ ಜ್ವರ ಏರಿದರೆ ಯಾರನ್ನು ಕರೆಯಲಿ, ಕುಡಿದು ಬರುವ ತಂದೆಗೆ ಏನು ಹೇಳಲಿ ಎಂಬ ಚಿಂತೆಯು ಅವಳದಾದರೆ ಅದು ಭಾರ. ಕೆಲಸವು ಸಂಜೆಗೆ ಮುಗಿಯುತ್ತದೆ. ಚಿಂತೆಯು ಹಾಸಿಗೆಗೂ ಬರುತ್ತದೆ. ನೆರೆಯವರು ಅಂಥವಳನ್ನು ನೋಡಿ, "ಎಷ್ಟು ಜಾಣೆ! ದೊಡ್ಡವರ ಹಾಗೆ ಮನೆ ನಡೆಸುತ್ತಾಳೆ" ಎಂದು ಹೊಗಳುತ್ತಾರೆ. ಆ ಹೊಗಳಿಕೆಯೇ ಅವಳ ಬಾಯನ್ನು ಕಟ್ಟುತ್ತದೆ. ಯಾಕಂದರೆ ಜಾಣೆಯೆನಿಸಿಕೊಂಡವಳು ತನಗೆ ಆಗುವದಿಲ್ಲವೆಂದು ಹೇಗೆ ಹೇಳಿಯಾಳು?

ಮೋಶೆಯ ಅಕ್ಕನ ಕಥೆಯನ್ನು ನೀವು ಬಲ್ಲಿರಿ. ಕೂಸನ್ನು ಪೆಟ್ಟಿಗೆಯಲ್ಲಿಟ್ಟು ನದಿಯ ಜೊಂಡಿನಲ್ಲಿ ಬಿಟ್ಟಾಗ ಅವಳು ದೂರದಲ್ಲಿ ನಿಂತು ಕಾದಳು. ಅದು ಚಿಕ್ಕ ಕೆಲಸವಲ್ಲ. ಆದರೆ ಫರೋಹನ ಕುಮಾರ್ತೆಯು ಬಂದಾಗ ಅವಳು ಮಾಡಿದ್ದೇನು? ಓಡಿಹೋಗಿ ತಾಯಿಯನ್ನು ಕರೆತಂದಳು. ಕೂಸು ತಾಯಿಯ ಕೈ ಸೇರಿತು. ಮಗುವು ಸ್ವಲ್ಪ ಹೊತ್ತು ಕಾವಲು ನಿಲ್ಲಬಹುದು. ಭಾರವಾದರೋ ತಿರಿಗಿ ದೊಡ್ಡವರ ಕೈಗೆ ಬರಲೇಬೇಕು. ಈ ಪಾಠದ ಮುಖ್ಯ ಮಾತು ಇದೇ.

ಭಾರವನ್ನು ಇಳಿಸುವದಕ್ಕೆ ಕೆಲವು ದಾರಿಗಳುಂಟು. ಮೂರರಿಂದ ಆರು ವರುಷದ ಕೂಸನ್ನು ಅಂಗನವಾಡಿಗೆ ಕಳುಹಿಸಿದರೆ ಅಕ್ಕನ ಸೊಂಟವು ಬರಿದಾಗಿ ಅವಳು ಶಾಲೆಗೆ ಹೋಗಬಹುದು. 6ರಿಂದ 14 ವರುಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಹಕ್ಕು 2010ನೇ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವೂ ಸಿಗುತ್ತದೆ. ಅದು ಮನೆಯ ಒಂದು ಹೊತ್ತಿನ ಚಿಂತೆಯನ್ನು ಕಳೆಯುತ್ತದೆ. 1986ರ ಬಾಲಕಾರ್ಮಿಕ ಕಾಯಿದೆಯು 2016ರಲ್ಲಿ ತಿದ್ದುಪಡಿಯಾದ ಮೇಲೆ, 14 ವರುಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವದು ಅಪರಾಧ; ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಕೆಲಸದಲ್ಲಿ ತಂದೆತಾಯಿಗಳಿಗೆ ನೆರವಾಗುವದಕ್ಕೆ ಮಾತ್ರ ಅಡ್ಡಿಯಿಲ್ಲ. ಮಗುವು ಕಷ್ಟದಲ್ಲಿದ್ದರೆ 1098 ಎಂಬ ಸಂಖ್ಯೆಗೆ ಯಾರಾದರೂ ಕರೆಮಾಡಬಹುದು. ಅದಕ್ಕೆ ಹಣ ಬೀಳದು.

ಆದರೆ ಕಾಯಿದೆಯು ಕೈಯ ಕೆಲಸವನ್ನು ಕಂಡೀತು, ಎದೆಯ ಚಿಂತೆಯನ್ನು ಕಾಣದು. ಅದನ್ನು ಕಾಣತಕ್ಕವರು ನೆರೆಯವರೇ. ಗುಳೆ ಹೋದವರ ಮನೆಗೆ ಸಂಜೆ ಹೋಗಿ, "ಮಗಳೇ, ಒಲೆ ಹೊತ್ತಿತೋ? ಈ ರಾತ್ರಿ ತಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಓದಿಕೋ" ಎಂದು ಹೇಳುವದಕ್ಕೆ ದುಡ್ಡು ಬೇಡ. ತಂದೆತಾಯಿಗಳೂ ಸಾಲದ ಮಾತನ್ನು ಮಕ್ಕಳ ಮುಂದೆ ಅಳುತ್ತಾ ಆಡದೆ, ಸಮವಯಸ್ಕರ ಸಂಗಡ ಆಡಲಿ.

ಮನೆಯಲ್ಲಿ ಕೂತು ಮಾತಾಡತಕ್ಕ ಪ್ರಶ್ನೆಗಳು:

1. ನಮ್ಮ ಮಗುವು ಮಾಡುವದರಲ್ಲಿ ಸಹಾಯ ಯಾವದು, ಭಾರ ಯಾವದು?

2. ಕಳೆದ ವಾರದಲ್ಲಿ ಅದು ಎಷ್ಟು ದಿನ ಆಟವಾಡಿತು?

3. ನಮ್ಮ ಓಣಿಯಲ್ಲಿ ದೊಡ್ಡವರಿಲ್ಲದ ಮನೆ ಯಾವದು? ಈ ಸಂಜೆ ಅಲ್ಲಿಗೆ ಹೋಗುವವರು ಯಾರು?