ಏರು ಹತ್ತುವಾಗ ಎದೆ ಬಿಗಿಯುತ್ತದೆಯೇ? ಸ್ಟ್ರೆಸ್ ಎಕೋ ಪರೀಕ್ಷೆ ತಿಳಿದಿರಲಿ



ಈ ಬಾರಿ ಹಸುವಿನ ಬದಲು ಹಸು ಸಾಕುವವರ ಆರೋಗ್ಯದ ವಿಚಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೊಟ್ಟಿಗೆ ಕೆಲಸವೆಂದರೆ ಏರು-ಇಳಿತದ ಕೆಲಸ. ಬೆಟ್ಟದಿಂದ ಸೊಪ್ಪಿನ ಹೊರೆ, ತೋಟದಿಂದ ಹುಲ್ಲು, ಡೈರಿಗೆ ಹಾಲಿನ ಕ್ಯಾನು. ಏರು ಹತ್ತುವಾಗ ಎದೆ ಬಿಗಿದು, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುತ್ತದೆಯೇ? ಅದನ್ನು ‘ಗ್ಯಾಸು’ ಎಂದು ತಳ್ಳಿಹಾಕಬೇಡಿ. ಹೃದಯಕ್ಕೇ ರಕ್ತ ಒಯ್ಯುವ ನಾಳಗಳು ಕಿರಿದಾಗಿರಬಹುದು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸುವುದೂ ಉಂಟು.

ಇಸಿಜಿ ಸರಿಯಿದ್ದರೆ ಸಾಲದೇ?

ಸಾಲದು. ಮಲಗಿಸಿ ತೆಗೆದ ಇಸಿಜಿ ಸರಿಯಿದ್ದೂ ನಾಳ ಕಿರಿದಾಗಿರಬಹುದು. ತೋಟದ ಪೈಪು ಅರ್ಧ ಕಟ್ಟಿದ್ದರೂ ಒಂದು ಸ್ಪ್ರಿಂಕ್ಲರ್‌ಗೆ ನೀರು ಸಾಲುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗ ತುದಿಗೆ ನೀರು ಬಾರದು. ಹೃದಯವೂ ಹಾಗೆಯೇ. ವಿಶ್ರಾಂತಿಯಲ್ಲಿ ಸಾಲುವ ರಕ್ತ ದುಡಿಮೆಯಲ್ಲಿ ಸಾಲದು. ತಂತಿ ನುಂಗಿದ ಹಸುವನ್ನು ನಾವು ಇಳಿಜಾರಿನಲ್ಲಿ ನಡೆಸಿ ನೋಡುತ್ತೇವಲ್ಲ? ನಿಂತಾಗ ಅಡಗಿದ್ದ ನೋವು ಆಗ ಹೊರಬೀಳುತ್ತದೆ. ರೋಗ ಬೇರೆ, ಉಪಾಯ ಒಂದೇ.

ಪರೀಕ್ಷೆ ಹೇಗೆ?

ಹಸುವಿನ ಗಬ್ಬ ನೋಡುವ ಸ್ಕ್ಯಾನಿಂಗ್‌ನಂತೆ ಇಲ್ಲಿಯೂ ಶಬ್ದದ ಅಲೆಗಳಿಂದಲೇ ಚಿತ್ರ ಮೂಡುತ್ತದೆ, ಎಕ್ಸ್‌-ರೇ ವಿಕಿರಣವಿಲ್ಲ. ಮೊದಲು ವಿಶ್ರಾಂತಿಯಲ್ಲಿ ಹೃದಯದ ಚಿತ್ರ ತೆಗೆಯುತ್ತಾರೆ. ನಂತರ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ವೇಗ, ಏರು ಹಂತಹಂತವಾಗಿ ಹೆಚ್ಚುತ್ತದೆ. ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದು, ಉಳಿದದ್ದರ ಶೇ. 85ರಷ್ಟು ಬಡಿತ ಬರಬೇಕು. 50 ವರ್ಷದವರಿಗೆ ನಿಮಿಷಕ್ಕೆ ಸುಮಾರು 145. ನಿಂತ ಕೂಡಲೇ, ಒಂದು-ಒಂದೂವರೆ ನಿಮಿಷದೊಳಗೆ, ಮತ್ತೆ ಚಿತ್ರ. ಮಂಡಿನೋವಿನಿಂದ ನಡೆಯಲಾಗದವರಿಗೆ ಡೊಬುಟಮಿನ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟು ಬಡಿತ ಹೆಚ್ಚಿಸುತ್ತಾರೆ.

ರಕ್ತ ಸಾಲದ ಭಾಗದ ಹೃದಯಸ್ನಾಯು ಆಗ ಸರಿಯಾಗಿ ಹಿಂಡುವುದಿಲ್ಲ. ಎರಡೂ ಚಿತ್ರ ಅಕ್ಕಪಕ್ಕ ಇಟ್ಟರೆ ಯಾವ ಭಾಗ ಸೋತಿದೆ ಎಂದು ವೈದ್ಯರಿಗೆ ತಿಳಿಯುತ್ತದೆ. ಅದರ ಮೇಲೆ ಮಾತ್ರೆ ಸಾಕೇ, ಆಂಜಿಯೋಗ್ರಾಂ ಬೇಕೇ ಎಂದು ನಿರ್ಧರಿಸುತ್ತಾರೆ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಅಲ್ಲ. ವರದಿ ಸರಿಯಿದ್ದೂ ಎದೆ ಬಿಗಿತ ಮುಂದುವರಿದರೆ ಮತ್ತೆ ತೋರಿಸಿ.

ಹೋಗುವ ಮುನ್ನ

1. ಮೂರ್ನಾಲ್ಕು ತಾಸು ಮೊದಲಿನಿಂದ ಏನೂ ತಿನ್ನಬೇಡಿ. ಚಹಾ, ಕಾಫಿ ಎಷ್ಟು ಹೊತ್ತಿನಿಂದ ಬಿಡಬೇಕು ಎಂದು ಕೇಳಿಕೊಳ್ಳಿ.
2. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ.
3. ಹಳೆಯ ಇಸಿಜಿ, ಮಾತ್ರೆ ಚೀಟಿ ಜೊತೆಗಿರಲಿ.

ಸುಮ್ಮನೆ ಕುಳಿತಾಗಲೇ ಎದೆನೋವು, ಬೆವರು ಬಂದರೆ ಅದು ಈ ಪರೀಕ್ಷೆಯ ಸಮಯವಲ್ಲ. ಕೂಡಲೇ 108ಕ್ಕೆ ಕರೆ ಮಾಡಿ. ಬೈಕ್ ಓಡಿಸಿಕೊಂಡು ಹೋಗಬೇಡಿ. ಹೆಪ್ಪುಗಟ್ಟಿದ ನಾಳ ಬೇಗ ತೆರೆದಷ್ಟೂ ಹೃದಯ ಉಳಿಯುತ್ತದೆ. ಹುಬ್ಬಳ್ಳಿಯೋ ಶಿವಮೊಗ್ಗವೋ ತಲುಪಲು ತಾಸುಗಟ್ಟಲೆ ಬೇಕಾಗುವ ನಮಗೆ ಮುಂಚೆಯೇ ಪತ್ತೆ ಮಾಡಿಕೊಳ್ಳುವುದು ಹೆಚ್ಚು ಅಗತ್ಯ.

‘ಹಾಲು ಕರೆಯುವವರಿಲ್ಲ’ ಎಂದು ತಪಾಸಣೆ ಮುಂದೂಡುವವರು ಬಹಳ. ಒಂದು ದಿನದ ಮಟ್ಟಿಗೆ ನೆರೆಮನೆಯವರಿಗೆ ಹೇಳಿ ಹೋಗಿ. ಅವರಿಗೆ ಬೇಕಾದ ದಿನ ನೀವು ಕರೆದುಕೊಡಿ.